ಮೊರ, ನೆಲುವು, ದಬ್ಬೆ: ಕಣ್ಣೆದುರಿನ ವಸ್ತುಗಳಿಂದ ಮನೆಗೆ ಏನು ತಗೋಬಹುದು?

ಮೂವತ್ತು_ನಲವತ್ತು (ತುಮಕೂರು)

ಎಲ್ಲರಿಗೂ ನಮಸ್ಕಾರ. ಮೂವತ್ತು ನಲವತ್ತರ ಸೈಟಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಲಿಂಟಲ್ ದಾಟಿದೆ, ಇನ್ನೂ ಮೋಲ್ಡ್ (ತಾರಸಿ ಕಾಂಕ್ರೀಟು) ಹಾಕಿಲ್ಲ. ಇಂಟೀರಿಯರ್ ಮಾಡುವ ಇಬ್ಬರನ್ನು ವಿಚಾರಿಸಿದೆ. ಇಬ್ಬರು ಕಳಿಸಿದ ಚಿತ್ರಗಳನ್ನು ಅದಲುಬದಲು ಮಾಡಿದರೂ ಗೊತ್ತಾಗುವುದಿಲ್ಲ. ಅದೇ ಪಿಒಪಿ ಸೀಲಿಂಗು, ಅದರ ಸುತ್ತ ಹಳದಿ ಪಟ್ಟಿ ಲೈಟು, ಟಿವಿ ಹಿಂದೆ ಮಾರ್ಬಲ್ ಥರ ಕಾಣೋ ಶೀಟು.

ನಮ್ಮ ದಿನನಿತ್ಯದ ವಸ್ತುಗಳಿಂದಲೇ ಏನಾದರೂ ಮಾಡೋಣ ಅಂತ ಆಸೆ. ಸದ್ಯಕ್ಕೆ ಹೊಳೆದದ್ದು ಇಷ್ಟು: ಹಾಲ್ ಗೋಡೆಗೆ ಬಣ್ಣ ಹಚ್ಚಿದ ಮೊರ, ಗಾಡಿ ಚಕ್ರದ ಟೀಪಾಯಿ, ಒರಳುಕಲ್ಲಲ್ಲಿ ಗಿಡ. ಅಮ್ಮ "ಗಾಡಿ ಚಕ್ರ ಮನೆಯೊಳಗೆ ಯಾಕೋ" ಅಂತಾರೆ. ನೀವೆಲ್ಲ ಏನು ಮಾಡಿದ್ದೀರಿ ಹೇಳಿ. ಬಜೆಟ್ ಕಡಿಮೆ.

ಗಾರೆ_ಕಲಸು (ಬೆಂಗಳೂರು)

ಅಮ್ಮ ಹೇಳೋದು ಸರಿ ಇದೆ. ನಾನು ವಾಸ್ತುಶಿಲ್ಪದ ಕೆಲಸದಲ್ಲೇ ಇರುವವನು, ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮೊರ, ಚಕ್ರ, ಒರಳು ಮೂರನ್ನೂ ತಂದಿಟ್ಟರೆ ಹೈವೇ ಪಕ್ಕದ ಡಾಬಾ ಆಗುತ್ತದೆ. ವಸ್ತುವನ್ನು ಕೆಲಸದಿಂದ ಬಿಡಿಸಿ ಗೋಡೆಗೆ ತಗುಲಿ ಹಾಕುವುದು ಬೇರೆ, ಅದರಿಂದ ಕಲಿಯುವುದು ಬೇರೆ.

1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕ ದಂಪತಿ ಭಾರತ ಸರ್ಕಾರ ಕರೆಸಿದ್ದಕ್ಕೆ ಇಲ್ಲಿ ಸುತ್ತಾಡಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಗಿದ್ದು ಅದರ ಬಲದ ಮೇಲೆ. ದೇಶವೆಲ್ಲ ನೋಡಿ ಅವರು ತುಂಬಾ ಮೆಚ್ಚಿದ ವಸ್ತು ಯಾವುದು ಅಂದರೆ ನೀರಿನ ಚೆಂಬು! ಅದು ಚೆಂದ ಅಂದು ಸುಮ್ನೆ ಬಿಡಲಿಲ್ಲ. ಎಷ್ಟು ನೀರು ಹಿಡಿಯಬೇಕು, ತಲೆ ಮೇಲೋ ಸೊಂಟದ ಮೇಲೋ ಕೈಯಲ್ಲೋ, ಹಿಡಿಯುವ ಕೈ ಯಾರದ್ದು, ತುಂಬಿದಾಗ ತೂಕ ಎಲ್ಲಿ ಬೀಳುತ್ತದೆ, ಖಾಲಿ ಇದ್ದಾಗ ಎಲ್ಲಿ, ಬಗ್ಗಿಸಿದಾಗ ಹೇಗೆ ಸುರಿಯುತ್ತದೆ, ಒಳಗೆ ಕೈ ಹಾಕಿ ತಿಕ್ಕಲು ಆಗುತ್ತದಾ, ಬಿಸಿಲಲ್ಲಿಟ್ಟರೆ ಮುಟ್ಟೋಕಾಗುತ್ತದಾ, ಇನ್ನೊಂದು ಪಾತ್ರೆಗೆ ತಾಗಿದರೆ ಏನು ಸದ್ದು, ಬೆಲೆ ಎಷ್ಟು, ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ. ಯಾರೋ ಒಬ್ಬರು ಕೂತು ಇದನ್ನು ಡಿಸೈನ್ ಮಾಡಲಿಲ್ಲ, ತಲೆಮಾರುಗಳು ತಿದ್ದಿದವು ಅನ್ನೋದು ಅವರ ಮಾತು.

ಈಗ ಮೊರವನ್ನು ಹಾಗೆ ನೋಡಿ. ಮೂರು ಕಡೆ ಅಂಚು ಎದ್ದಿದೆ, ಒಂದು ಕಡೆ ಬಾಯಿ ತೆರೆದಿದೆ. ಅಂಚಿಗೆ ಬೆತ್ತ ಸುತ್ತಿ ಬಿಗಿದಿರುತ್ತಾರೆ. ಹೆಣಿಗೆ ಸಂದಿನಲ್ಲಿ ಕಾಳು ಸೋರಬಾರದು ಅಂತ ಮೆಂತ್ಯ, ಕಾಗದ ರುಬ್ಬಿ ಬಳಿದಿರುತ್ತಾರೆ. ಒಳಗಿರುವುದು ಚೆಲ್ಲಬಾರದು, ಬೇಕಾದ ಕಡೆಗೆ ಮಾತ್ರ ಹೋಗಬೇಕು, ಅಷ್ಟೇ ಅದರ ಉದ್ದೇಶ. ಅಡುಗೆಮನೆ ಕಟ್ಟೆಗೆ ಇದೇ ಬೇಕಲ್ವಾ? ಗ್ರಾನೈಟಿಗೆ ಮೂರು ಕಡೆ ಸಣ್ಣ ಏರು ಅಂಚು, ನಾಲ್ಕನೇ ಕಡೆ ಸಿಂಕಿನತ್ತ ತುಸು ಇಳಿಜಾರು. ನೀರು ಕ್ಯಾಬಿನೆಟ್ ಮೇಲೆ ಸೋರಿ ಪ್ಲೈವುಡ್ ಉಬ್ಬುವುದು ನಿಲ್ಲುತ್ತದೆ. ನೋಡಿದವರಿಗೆ ಅದು ಮೊರದಿಂದ ಬಂತು ಅಂತ ಗೊತ್ತೇ ಆಗಲ್ಲ. ಆಗದಿರಲಿ ಬಿಡಿ.

ಬಿಸಿಬೇಳೆ

ಡಾಬಾದವರಿಗೂ ಒಂದು ಇಂಟೀರಿಯರ್ ಇದೆ ಸ್ವಾಮಿ, ಅವಮಾನ ಮಾಡಬೇಡಿ 😄

ಸೋಗೆ_ಮನೆ (ಸಿರ್ಸಿ ಹತ್ತಿರ)

ನಮ್ಮ ಕಡೆಯ ಒಂದು ವಸ್ತು ಹೇಳುತ್ತೇನೆ. ಅಡಿಕೆ ದಬ್ಬೆ. ವಯಸ್ಸಾದ ಅಡಿಕೆ ಮರ ಬಿದ್ದಾಗ ಉದ್ದಕ್ಕೆ ಸೀಳುತ್ತೇವೆ. ಒಳಗಿನ ಮೆತ್ತನೆ ತಿರುಳು ಕೆತ್ತಿ ತೆಗೆದರೆ ಹೊರಗಿನ ಗಟ್ಟಿ ಪದರ ಉಳಿಯುತ್ತದೆ. ಅದೇ ದಬ್ಬೆ. ಬೇಲಿಗೂ ಅದೇ, ಅಟ್ಟಕ್ಕೂ ಅದೇ, ಅಡಿಕೆ ಒಣಗಿಸುವ ಚಪ್ಪರಕ್ಕೂ ಅದೇ.

ಜಗಲಿಗೆ ಅದರ ತಟ್ಟಿ ಕಟ್ಟುತ್ತಾರೆ. ಗಮನಿಸಬೇಕಾದ್ದು ಏನಂದರೆ ದಬ್ಬೆ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ, ನಡುವೆ ಬೆರಳು ಹೋಗುವಷ್ಟು ಸಂದು. ನಮ್ಮಲ್ಲಿ ಮಳೆ ಓರೆಯಾಗಿ ಹೊಡೆಯುತ್ತದೆ. ನೀರು ದಬ್ಬೆಗೆ ಬಡಿದು ನಾರಿನ ಗುಂಟ ಕೆಳಗಿಳಿದು ಹೋಗುತ್ತದೆ, ಗಾಳಿ ಮಾತ್ರ ಒಳಗೆ ಬರುತ್ತದೆ. ಅದನ್ನೇ ಅಡ್ಡಕ್ಕೆ ಹೊಡೆದರೆ ಒಂದೊಂದು ದಬ್ಬೆ ಮೇಲೂ ನೀರು ನಿಂತು ಕೊಳೆಯುತ್ತದೆ. ಪೇಟೆಯಲ್ಲಿ ಈಗ ಬಾಲ್ಕನಿಗೆಲ್ಲ ಅಡ್ಡಡ್ಡ ಮರದ ಪಟ್ಟಿ ಹೊಡೆಸುತ್ತಾರೆ, ಚಿತ್ರದಲ್ಲಿ ಹಾಗಿದೆ ಅಂತ. ಮಳೆ ಬೀಳೋ ಊರಲ್ಲಿ ಅದು ಸುಮ್ನೆ ಖರ್ಚು.

ಬಳಸೋದಾದರೆ ಬಲಿತ ಮರದ ದಬ್ಬೆಯೇ ಆಗಬೇಕು, ಮೊದಲು ನೀರಲ್ಲಿ ನೆನೆಸಬೇಕು. ಇಲ್ಲದಿದ್ದರೆ ಹುಳು ಬೇಗ ಹಿಡಿಯುತ್ತದೆ. ಹಿಂದೆ ಬಚ್ಚಲೊಲೆ ಹೊಗೆಯೇ ಔಷಧ. ಈಗ ಗೀಸರ್ ಬಂದು ಹೊಗೆ ಹೋಯಿತು, ಹುಳು ಬಂತು.

ಕಿಟಕಿ_ಹುಚ್ಚ (ಧಾರವಾಡ)

ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಗಾರೆ_ಕಲಸು ಸರ್ ಮಾತಿಗೆ ನನ್ನ ತಕರಾರಿದೆ. ಆಕಾರ ತಗೊಂಡರೆ ತಪ್ಪೇನು? ಲೆ ಕಾರ್ಬೂಸಿಯೆ ಎಂಬ ವಾಸ್ತುಶಿಲ್ಪಿ 1946ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್ ತೀರದಲ್ಲಿ ಒಂದು ಏಡಿ ಚಿಪ್ಪು ಎತ್ತಿಕೊಂಡು ಬಂದ. ಅದನ್ನು ಡ್ರಾಯಿಂಗ್ ಬೋರ್ಡ್ ಮೇಲೆ ಇಟ್ಟುಕೊಂಡೇ ಫ್ರಾನ್ಸಿನ ರಾನ್‌ಶಾಂ ಚರ್ಚಿನ ಚಾವಣಿ ಬರೆದ. ಚಂಡೀಗಢದ ವಿಧಾನಸಭೆ ಮೇಲಿನ ಆ ದೊಡ್ಡ ಕೊಳವೆಯಂಥ ಆಕಾರವೂ ಅಹಮದಾಬಾದಿನ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ನೋಡಿ ಬಂದದ್ದು. ಅದರ ಮುಂಭಾಗದ ಬಾಗಿದ ಚಾವಣಿಗೆ ಎತ್ತಿನ ಕೊಂಬಿನ ನಂಟಿದೆ, ಅವನ ಸ್ಕೆಚ್ ಪುಸ್ತಕಗಳಲ್ಲಿ ಆ ಕೊಂಬುಗಳನ್ನು ನೋಡಬಹುದು. ಇದೆಲ್ಲ ಆಕಾರವೇ ಅಲ್ವಾ?

ಗಾರೆ_ಕಲಸು (ಬೆಂಗಳೂರು)

ಒಳ್ಳೆ ಉದಾಹರಣೆ ಕೊಟ್ಟಿರಿ, ಆದರೆ ರಾನ್‌ಶಾಂ ನನ್ನ ಕಡೆಗೇ ಬರುತ್ತದೆ. ಆ ಚಾವಣಿಯನ್ನು ಕತ್ತರಿಸಿ ನೋಡಿದರೆ ಎರಡು ತೆಳು ಕಾಂಕ್ರೀಟ್ ಪದರ, ನಡುವೆ ಎರಡು ಮೀಟರಿಗೂ ಜಾಸ್ತಿ ಪೊಳ್ಳು. ಏಡಿ ಚಿಪ್ಪಿನಿಂದ ಅವರು ತಗೊಂಡದ್ದು ಅದನ್ನು: ತೆಳ್ಳಗಿದ್ದೂ ಗಟ್ಟಿ ಇರೋದು ಹೇಗೆ ಅಂತ. ನೋಡಲು ಚರ್ಚು ಏಡಿ ಥರ ಇಲ್ಲವೇ ಇಲ್ಲ. ಚಂಡೀಗಢದ ಕೂಲಿಂಗ್ ಟವರ್ ವಿಷಯ ಒಪ್ಪುತ್ತೇನೆ, ಅದು ಆಕಾರದ ಮೋಹ. ಚೆನ್ನಾಗಿಯೂ ಇದೆ.

ಹರಕು_ಮುರುಕು (ಹಳಿಯಾಳ)

ಚಂಡೀಗಢ ಅಂದಮೇಲೆ ನೇಕ್ ಚಂದ್ ಅವರನ್ನು ಬಿಡೋಕಾಗುತ್ತದಾ? ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ಆ ನಗರಕ್ಕಾಗಿ ಕೆಡವಿದ ಹಳ್ಳಿಗಳ ಚೂರುಪಾರು, ಒಡೆದ ಬಳೆ, ಪಿಂಗಾಣಿ, ಟೈಲ್ಸ್ ಎಲ್ಲ ಹೆಕ್ಕಿ ತಂದು 1957ರಿಂದ ಕಾಡೊಳಗೆ ಗುಟ್ಟಾಗಿ ರಾಕ್ ಗಾರ್ಡನ್ ಕಟ್ಟಿದರು. ಸರ್ಕಾರಕ್ಕೆ ಗೊತ್ತಾಗಿದ್ದು 1975ರಲ್ಲಿ. ಒಂದೇ ಊರಲ್ಲಿ ಒಬ್ಬರು ವಸ್ತುವಿನ ಆಕಾರ ತಗೊಂಡರು, ಇನ್ನೊಬ್ಬರು ವಸ್ತುವನ್ನೇ ತಗೊಂಡರು. ನನಗೆ ಎರಡನೆಯವರೇ ಇಷ್ಟ.

ನಮ್ಮ ಮನೆಯ ವರಾಂಡದ ನೆಲ ಹೇಗಾಯಿತು ಹೇಳುತ್ತೇನೆ. ನಮ್ಮ ತಾಲೂಕು, ಮುಂಡಗೋಡ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿ (ಹೊದಿಕೆ) ಹೊಲಿಯುತ್ತಾರೆ. ಹಳೇ ಸೀರೆ, ಅಂಗಿ ಚೂರುಗಳೇ ಸಾಮಾನು. ಅವರು ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತು ಬಂದು, ಹಾಗೇ ಒಳಕ್ಕೆ ಹೋಗುತ್ತಾರೆ. ನಡುವಿನಿಂದ ಹೊರಕ್ಕಲ್ಲ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನದ ಚೂರು ಇಟ್ಟು ಹೊಲಿಯುತ್ತಾರೆ, ಅದನ್ನು ಹೂವು ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಲೆಕ್ಕ.

ಕಲ್ಲಿನ ಅಂಗಡಿಯಲ್ಲಿ ಉಳಿದ ಶಹಾಬಾದ್, ಕಡಪ, ಕೋಟಾ ತುಂಡುಗಳು ರಾಶಿ ಬಿದ್ದಿದ್ದವು, ತೂಕದ ಮೇಲೆ ಸಿಕ್ಕವು. ಮೇಸ್ತ್ರಿ ಮಾಮೂಲಿನಂತೆ ನಡುವಿನಿಂದ ದಾರ ಹಿಡಿದರು. ಒಂದೊಂದು ತುಂಡು ಒಂದೊಂದು ಅಳತೆ, ಎಲ್ಲಿ ಕೂರಬೇಕು? ಆಗ ನಮ್ಮತ್ತೆ ಕೌದಿ ತಂದು ಹಾಸಿದರು. ಉದ್ದನೆಯ ನೇರ ತುಂಡುಗಳನ್ನು ಆರಿಸಿ ಮೊದಲು ಗೋಡೆ ಪಕ್ಕ ಸುತ್ತಲೂ ಕೂರಿಸಿ, ಆಮೇಲೆ ಒಳಗೆ ತುಂಬುತ್ತಾ ಹೋದರು. ಅಂಚು ನೇರ ಇದ್ದರೆ ಒಳಗಿನ ಅಂಕುಡೊಂಕು ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಮೂಲೆಗಳಿಗೆ ಕರಿ ಕಡಪದ ತ್ರಿಕೋನ ಇಟ್ಟಿದ್ದೇವೆ. ಮೇಸ್ತ್ರಿಗೆ ಈಗ ಅದರ ಫೋಟೋ ತೋರಿಸಿಯೇ ಬೇರೆ ಕೆಲಸ ಸಿಗುತ್ತಿದೆ.

ಒಂದು ಎಚ್ಚರಿಕೆ. ಮೂರೂ ಕಲ್ಲಿನ ದಪ್ಪ ಬೇರೆ ಬೇರೆ. ಕೆಳಗಿನ ಗಾರೆ ಏರಿಳಿಸಿ ಮಟ್ಟ ಮಾಡಲು ಕೂಲಿ ಜಾಸ್ತಿ ಹಿಡಿಯುತ್ತದೆ. ಕಲ್ಲಲ್ಲಿ ಉಳಿದ ದುಡ್ಡು ಕೂಲಿಯಲ್ಲಿ ಅರ್ಧ ಹೋಗುತ್ತದೆ.

ಕುಡುಗೋಲು

ನನ್ನದು ಒಂದೇ ಪ್ರಶ್ನೆ. ಜಾಲಿ (ತೂತು ಬಿಟ್ಟು ಕಟ್ಟಿದ ಗೋಡೆ), ತಟ್ಟಿ, ಗೂಡು, ಸಂದು ಎಲ್ಲ ಸರಿ. ಒರೆಸುವವರು ಯಾರು? ನಮ್ಮ ಮನೆಯಲ್ಲಿ ಇಟ್ಟಿಗೆ ಜಾಲಿ ಇದೆ. ಒಂದೊಂದು ತೂತಲ್ಲೂ ಧೂಳು, ಜೇಡ, ಹಲ್ಲಿ ಮೊಟ್ಟೆ. ಈ ಥರದ ಮನೆಗಳ ಫೋಟೋ ಹಾಕುವವರು ಪೊರಕೆ ಹಿಡಿದ ಫೋಟೋ ಯಾವತ್ತೂ ಹಾಕಲ್ಲ.

ಸೋಗೆ_ಮನೆ (ಸಿರ್ಸಿ ಹತ್ತಿರ)

ನಿಜ ಅಕ್ಕ. ಒಳಗಿನಿಂದ ತೆಗೆದು ಹಾಕುವ ಹಾಗೆ ಸೊಳ್ಳೆ ಜಾಲರಿ ಚೌಕಟ್ಟು ಮಾಡಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧ ಇದ್ದೇ ಇರುತ್ತದೆ.

ಕಿಟಕಿ_ಹುಚ್ಚ (ಧಾರವಾಡ)

ಜಾಲಿ ವಿಷಯ ಬಂತಲ್ಲ, ನನ್ನ ಕಾಲೇಜ್ ಪ್ರಾಜೆಕ್ಟ್ ಅದೇ. ಚುಕ್ಕಿ ರಂಗೋಲಿಯಿಂದ ಜಾಲಿ. ಅಮ್ಮ ರಂಗೋಲಿ ಪುಸ್ತಕದಲ್ಲಿ "11ರಿಂದ 6, ಸಂದುಚುಕ್ಕಿ" ಅಂತ ಬರೆದಿಟ್ಟುಕೊಂಡಿರುತ್ತಾರೆ. ನಡುವೆ 11 ಚುಕ್ಕಿ, ಮೇಲೂ ಕೆಳಗೂ ಸಾಲಿಗೆ ಒಂದೊಂದು ಕಡಿಮೆ, ಕೊನೆಗೆ 6. ಒಂದು ಸಾಲಿನ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುತ್ತದೆ. ಹಾಕಿ ನೋಡಿದರೆ ಸರಿಯಾದ ಷಟ್ಕೋನ! ಅದೇ ಚುಕ್ಕಿಯ ಕೆಳಗೇ ಚುಕ್ಕಿ ಬರುವ ನೇರ ಚುಕ್ಕಿ ಇಟ್ಟರೆ ಚೌಕ. ಪ್ರತಿ ಚುಕ್ಕಿ ಸುತ್ತ ಗೆರೆ ಹೋಗುವ ದಾರಿಯೇ ಜಾಲಿಯ ಗಟ್ಟಿ ಭಾಗ, ಉಳಿದದ್ದು ತೂತು. ಒಂದೇ ಗೆರೆ ಎಲ್ಲೂ ತುಂಡಾಗದೆ ಸುತ್ತಿ ಬರುವ ರಂಗೋಲಿ ಆದರೆ ಜಾಲಿಯಲ್ಲಿ ಯಾವ ತುಂಡೂ ಉದುರಿ ಬೀಳಲ್ಲ, ಎಲ್ಲ ಒಂದಕ್ಕೊಂದು ಹಿಡಿದುಕೊಂಡಿರುತ್ತದೆ. ಬಿಡಿ ಬಿಡಿ ಹೂವಿನ ರಂಗೋಲಿ ಆದರೆ ಕತ್ತರಿಸಿದ ಕೂಡಲೇ ಹೂವು ಕೆಳಗೆ.

ಗಾರೆ_ಕಲಸು (ಬೆಂಗಳೂರು)

ಇದು ಚೆನ್ನಾಗಿದೆ. ಇಟ್ಟಿಗೆಯಲ್ಲಿ ಕಟ್ಟುವುದಾದರೆ ನೇರ ಚುಕ್ಕಿಯೇ ಇಟ್ಟುಕೊಳ್ಳಿ, ಇಟ್ಟಿಗೆ ಕೂರುವುದೇ ಚೌಕದ ಲೆಕ್ಕಕ್ಕೆ. ಸಂದುಚುಕ್ಕಿ ಬೇಕಾದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ತಗಡಲ್ಲಿ ಮಷಿನ್ ಕಟಿಂಗ್ ಮಾಡಿಸಬೇಕು.

ಬಂದರು_ಬಾವಿ (ಉಡುಪಿ)

ನಿವೃತ್ತ ಸಿವಿಲ್ ಎಂಜಿನಿಯರ್. ತುಮಕೂರಿನವರು ಮೋಲ್ಡ್ ಇನ್ನೂ ಹಾಕಿಲ್ಲ ಅಂದದ್ದು ಓದಿ ಬರೆಯುತ್ತಿದ್ದೇನೆ, ಆಮೇಲೆ ಹೇಳಿದರೆ ಪ್ರಯೋಜನ ಇಲ್ಲ.

ಹಂಚು. ಮಂಗಳೂರಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಊರೂರಿಗೆ ಹೋಯಿತು. ಈಗ ಹಳೇ ಮನೆ ಕೆಡವಿದಲ್ಲೆಲ್ಲ ರಾಶಿ ಬಿದ್ದಿರುತ್ತದೆ. ಇದನ್ನು ತಾರಸಿಯ ಒಳಗೇ ಹಾಕುವುದನ್ನು ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದರು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ. ಫಿಲ್ಲರ್ ಸ್ಲ್ಯಾಬ್ ಅನ್ನುತ್ತಾರೆ.

ಲೆಕ್ಕ ಸುಲಭ. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ತಾರಸಿ ಭಾರಕ್ಕೆ ಬಾಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಕೆಳಗೆ ಎಳೆತ ತಡೆಯುವುದು ಕಬ್ಬಿಣ. ಅಲ್ಲಿ ಕಂಬಿಯ ಸುತ್ತ ಇರುವ ಕಾಂಕ್ರೀಟು ಬೇಕು, ಕಂಬಿ ಕಂಬಿ ನಡುವಿನದ್ದು ಬರೀ ಭಾರ. ಆ ಜಾಗದಲ್ಲಿ ಹಂಚು ಇಡುತ್ತಾರೆ. ಎರಡು ಹಂಚು ಒಂದರ ಮೇಲೊಂದು ಕವಿಚಿ ಇಟ್ಟರೆ ನಡುವೆ ಗಾಳಿ ಉಳಿದು ಮೇಲಿನ ಬಿಸಿ ಕೆಳಗಿಳಿಯುವುದೂ ಕಡಿಮೆ. ಕೆಳಗಿನಿಂದ ಕೆಂಪು ಹಂಚು ಸಾಲಾಗಿ ಕಾಣುತ್ತದೆ. ಪಿಒಪಿ ಖರ್ಚು ಉಳಿಯಿತು.

ಹಂಚನ್ನು ಮೊದಲೇ ನೀರಲ್ಲಿ ನೆನೆಸಿ. ಒಣ ಹಂಚು ಕಾಂಕ್ರೀಟಿನ ನೀರು ಕುಡಿದುಬಿಡುತ್ತದೆ. ಕಂಬಿಯ ಅಂತರ ಹಂಚಿನ ಅಳತೆಗೆ ಹೊಂದಬೇಕು, ಅದಕ್ಕೆ ಎಂಜಿನಿಯರ್ ಡ್ರಾಯಿಂಗ್ ಬೇಕೇ ಬೇಕು. ಮೇಸ್ತ್ರಿ ಅಂದಾಜಿನಲ್ಲಿ ಮಾಡುವ ಕೆಲಸ ಅಲ್ಲ. ಬಚ್ಚಲು, ಟಾಯ್ಲೆಟ್ ಮೇಲೆ, ನೀರಿನ ಟ್ಯಾಂಕ್ ಕೂರುವ ಕಡೆ ಮಾಮೂಲಿ ಮೋಲ್ಡೇ ಇರಲಿ.

ಮರಳುಗಾಡು_ಮಾವ (ಮಸ್ಕತ್)

ಇಲ್ಲಿ ಸೆಖೆ ಹೇಳತೀರದು, ಹಾಗಾಗಿ ನನ್ನ ತಲೆಯಲ್ಲಿ ಯಾವಾಗಲೂ ತಂಪಿನದ್ದೇ ಯೋಚನೆ. ಈಜಿಪ್ಟಿನ ಹಳೆ ಮನೆಗಳಲ್ಲಿ ಮರದ ಜಾಲಿ ಕಿಟಕಿಯ ಹತ್ತಿರ ನೀರು ತುಂಬಿದ ಮಣ್ಣಿನ ಮಡಕೆ ಇಡುತ್ತಿದ್ದರು. ಗಾಳಿ ತಾಗಿ ಕುಡಿಯುವ ನೀರೂ ತಂಪು, ಒಳಗೆ ಬರುವ ಗಾಳಿಯೂ ತಂಪು. ಹಸನ್ ಫಾತಿ ಎಂಬ ವಾಸ್ತುಶಿಲ್ಪಿ ಇಂಥ ಉಪಾಯಗಳನ್ನು ಹೊಸ ಕಟ್ಟಡಗಳಿಗೆ ತಂದರು. ನಮ್ಮಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದೂ ಇದೇ ಅಲ್ವಾ?

ಕಲಬುರಗಿ, ರಾಯಚೂರಿನ ಒಣ ಬೇಸಿಗೆಗೆ ಇದು ನಡೆಯುತ್ತದೆ. ಉಡುಪಿಯಲ್ಲಿ ಮಾಡಿದರೆ ಸೆಖೆ ಇನ್ನೂ ಜಾಸ್ತಿ ಆಗುತ್ತದೆ, ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ತುಮಕೂರಿಗೆ ಮಾರ್ಚ್, ಏಪ್ರಿಲಲ್ಲಿ ಪ್ರಯತ್ನಿಸಬಹುದು.

ಬಿಸಿಬೇಳೆ

ಹುತ್ತ ನೋಡಿ ಎಸಿ ಇಲ್ಲದ ಕಟ್ಟಡ ಕಟ್ಟಿದ್ದಾರಂತಲ್ಲ, ಅದು ನಿಜಾನಾ?

ಗಾರೆ_ಕಲಸು (ಬೆಂಗಳೂರು)

ಜಿಂಬಾಬ್ವೆಯ ಹರಾರೆಯ ಈಸ್ಟ್‌ಗೇಟ್ ಕಟ್ಟಡ. 1996ರದ್ದು, ಮಿಕ್ ಪಿಯರ್ಸ್ ಮಾಡಿದ್ದು. ರಾತ್ರಿಯ ತಣ್ಣನೆ ಗಾಳಿಯಿಂದ ಕಾಂಕ್ರೀಟನ್ನು ತಣಿಸಿ, ಹಗಲಿನ ಬಿಸಿಯನ್ನು ಅದು ಹೀರುವಂತೆ ಮಾಡಿ, ಬಿಸಿಗಾಳಿಯನ್ನು ಚಿಮಣಿಗಳಿಂದ ಹೊರಗೆ ಬಿಡುತ್ತಾರೆ. ಫ್ಯಾನುಗಳೂ ಇವೆ. ತಮಾಷೆ ಏನೆಂದರೆ ಹುತ್ತ ಚಿಮಣಿ ಥರ ಕೆಲಸ ಮಾಡುತ್ತದೆ ಅಂತ ಆಗ ನಂಬಿದ್ದರು. ಆಮೇಲಿನ ಸಂಶೋಧನೆ ಅದು ಶ್ವಾಸಕೋಶದ ಥರ ಅನ್ನುತ್ತದೆ. ತಿಳಿದದ್ದು ಅರ್ಧ, ಕಟ್ಟಡ ಮಾತ್ರ ಚೆನ್ನಾಗೇ ನಡೆಯುತ್ತಿದೆ. ಕಿಟಕಿ_ಹುಚ್ಚ ಅವರೇ, ಇದನ್ನು ನಿಮ್ಮ ಖಾತೆಗೆ ಹಾಕಿಕೊಳ್ಳಿ.

ಒಂದೂವರೆ_ಕೋಣೆ (ಡೊಂಬಿವಲಿ)

ಮುಂಬೈ ಕಡೆ ಸಣ್ಣ ಫ್ಲಾಟ್. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹೊರಗೆ ಬರಬೇಕು. ಊರಿನ ಅಜ್ಜಿ ಮನೆಯಲ್ಲಿ ತೊಲೆಗೆ ನೆಲುವು ಕಟ್ಟಿದ್ದರು. ಹಗ್ಗದ ನಾಲ್ಕು ಎಳೆ, ಕೆಳಗೆ ಸಿಂಬೆ, ಅದರ ಮೇಲೆ ಹಾಲು ಮೊಸರಿನ ಗಡಿಗೆ ಒಂದರ ಮೇಲೊಂದು. ಬೆಕ್ಕಿಗೂ ಸಿಗಲ್ಲ, ಇರುವೆಗೂ ದಾರಿ ದೂರ, ನೆಲದ ಜಾಗ ಖಾಲಿ.

ಅದನ್ನೇ ಇಲ್ಲಿ ಮಾಡಿಸಿದ್ದೇನೆ. ಮೇಲಿನ ಕೊಂಡಿಯಿಂದ ದಪ್ಪ ಹತ್ತಿ ಹಗ್ಗ, ಅದರಲ್ಲಿ ಮೂರು ದುಂಡು ಹಲಗೆ. ಈರುಳ್ಳಿ, ಬೆಳ್ಳುಳ್ಳಿ, ಹಣ್ಣು ಅದರ ಮೇಲೆ. ಸುತ್ತಲೂ ಗಾಳಿ ಆಡುವುದರಿಂದ ಈರುಳ್ಳಿ ಕೊಳೆಯುವುದು ಕಡಿಮೆ. ಅಜ್ಜಿಯ ನೆಲುವು ತೂಗಾಡಿದರೂ ನಡೆಯುತ್ತಿತ್ತು, ಸುತ್ತ ಜಾಗವಿತ್ತು. ಇಲ್ಲಿ ತಲೆಗೆ ಬಡಿಯುತ್ತದೆ, ಅದಕ್ಕೇ ಕೆಳತುದಿಯನ್ನೂ ಕಟ್ಟೆಗೆ ಒಂದು ಸಣ್ಣ ಬಳೆ ಹಾಕಿ ಬಿಗಿಸಿದ್ದೇನೆ. ಹಗ್ಗ ಬಿಚ್ಚಿ ವಾಷಿಂಗ್ ಮಷಿನ್ನಿಗೆ ಹಾಕಬಹುದು. ಕುಡುಗೋಲು ಅವರ ಪ್ರಶ್ನೆಗೂ ಉತ್ತರ ಸಿಕ್ಕಿತಲ್ಲ!

ಕುಡುಗೋಲು

ಇದು ಒಪ್ಪಿಗೆ. ಹಗ್ಗದ ಫೋಟೋ ಹಾಕಿ, ಪೊರಕೆಯದ್ದಲ್ಲ.

ಮೂವತ್ತು_ನಲವತ್ತು (ತುಮಕೂರು)

ಎಲ್ಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಅಡುಗೆಮನೆ ಕಟ್ಟೆಗೆ ಮೂರು ಕಡೆ ಅಂಚು, ವರಾಂಡಕ್ಕೆ ತುಂಡು ಕಲ್ಲು, ಹಾಲ್ ಮೇಲೆ ಮಾತ್ರ ಹಂಚಿನ ಸ್ಲ್ಯಾಬು. ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಕೇಳಿದ್ದೇನೆ. ಕಂಟ್ರಾಕ್ಟರ್ ಮುಖ ಸಿಂಡರಿಸಿದ್ದಾರೆ, ಬೇಡ ಅಂದಿಲ್ಲ. ಚಕ್ರ ಕೈಬಿಟ್ಟೆ. ಮೊರ ಒಂದು ಗೋಡೆ ಮೇಲೆ ಇರಲಿ ಅಂತ ನನ್ನ ಹೆಂಡತಿ ಹಟ, ಗಾರೆ_ಕಲಸು ಸರ್ ಕಣ್ಣುಮುಚ್ಚಿಕೊಳ್ಳಬೇಕು.

ನೆಲುವಿಗೆ ಕೊಂಡಿ ಆಮೇಲೆ ಡ್ರಿಲ್ ಮಾಡಿ ಹಾಕಬಹುದಾ, ಈಗಲೇ ಬಿಡಬೇಕಾ?

ಬಂದರು_ಬಾವಿ (ಉಡುಪಿ)

ಈಗಲೇ ಬಿಡಿ. ತೊಟ್ಟಿಲಿಗೆ, ಉಯ್ಯಾಲೆಗೆ ಬಿಡುವ ಹಾಗೆಯೇ. 12 ಎಂಎಂ ಕಂಬಿ ಬಗ್ಗಿಸಿ, ಎರಡೂ ಕಾಲು ಮೋಲ್ಡಿನ ಕಂಬಿಯ ಮೇಲೆ ಹಾಯಿಸಿ ಬೈಂಡಿಂಗ್ ವೈರಲ್ಲಿ ಕಟ್ಟಿಸಿ. ಬರೀ ಕಾಂಕ್ರೀಟಿಗೆ ಚುಚ್ಚಿ ಬಿಡಬಾರದು. ಅಡುಗೆಮನೆಗೆ ಒಂದು, ಹಾಲಿಗೆ ಎರಡು ಬಿಡಿಸಿ, ಬೇಕಾಗದಿದ್ದರೆ ಸುಮ್ನೆ ಇರಲಿ. ಹಾಲಿನವು ಹಂಚಿನ ಜಾಗಕ್ಕೆ ಬೀಳದೆ ಕಂಬಿ ಸಾಲಿನ ಮೇಲೆ ಬರುವಂತೆ ಡ್ರಾಯಿಂಗಲ್ಲೇ ಗುರುತು ಹಾಕಿಸಿ. ಸೆಂಟ್ರಿಂಗ್ (ಮೋಲ್ಡಿಗೆ ಕೆಳಗಿನಿಂದ ಕೊಟ್ಟ ಆಸರೆ) ಬಿಚ್ಚುವವರು ಅಡ್ಡ ಬಂತು ಅಂತ ಕೊಂಡಿಯನ್ನು ಸುತ್ತಿಗೆಯಲ್ಲಿ ಬಡಿದು ಬಗ್ಗಿಸುತ್ತಾರೆ. ಆ ದಿನ ನೀವೇ ಹೋಗಿ ನಿಲ್ಲಿ.